ಅರ್ಧ ಅಂಕ

ಮೈನಸ್ ಮೂವತ್ತೊಂದು. ಕರೆಂಟಿಲ್ಲ.
ಅಲ್ತಾಯ್ ಬೆಟ್ಟದ ಈ ಮಗ್ಗುಲ ಶಾಲೆಗೆ
ಇರುವುದೊಂದೇ ಸೂಕ್ಷ್ಮದರ್ಶಕ,
ನನ್ನ ಮದುವೆಗಿಂತ ಹಳೆಯದು, ಅದಕ್ಕಿಂತ ಗಟ್ಟಿ.
ಅದರ ಕನ್ನಡಿ ತಿರುಗಿಸಿ ತಿರುಗಿಸಿ
ಹೊರಗಿನ ಹಿಮದಿಂದ
ಒಂದು ಚಮಚ ಬೆಳಕು ಕಡ ತಂದೆ.

ಗಡಿಯಾಚೆಯಿಂದ ಲಾರಿಯಲ್ಲಿ ಬಂದ ಕೆನ್ನೇರಳೆ ಈರುಳ್ಳಿ.
ಉಗುರಿನಲ್ಲಿ ಸುಲಿದ ತೆಳುಪೊರೆ, ಮೇಲೊಂದು ಹನಿ ನೀರು.
ಸಾಲಾಗಿ ಬನ್ನಿ, ಗಾಜಿನ ಮೇಲೆ ಉಸಿರು ಬಿಡಬೇಡಿ.

‘ಇಟ್ಟಿಗೆ, ಟೀಚರ್!’ ಅಂದ ಚುಲೂನ್.
ಇಟ್ಟಿಗೆಯಲ್ಲವೋ, ಗೋಡೆ.
ಪೊರೆಯ ಹೊರಗೆ ಇನ್ನೊಂದು ಪಹರೆ, ಸೆಲ್ಯುಲೋಸಿನದು.
ಆ ನೇರಳೆಯೆಲ್ಲ ರಸದಾನಿಯ ಆಸ್ತಿ,
ಮನೆತುಂಬ ಅದೇ ಕಾಲು ಚಾಚಿದೆ,
ಪಾಪ, ಕೋಶಕೇಂದ್ರ ಮೂಲೆಗೆ ಒತ್ತರಿಸಿದೆ.

‘ಹಸಿರೆಲ್ಲಿ?’ ಯಾರ್ಗುಯ್ ಕೇಳಿದಳು,
ಕೇಳಬೇಕಾದ್ದನ್ನೇ.
ಪುಸ್ತಕದ ಚಿತ್ರದಲ್ಲಿತ್ತು, ಗಾಜಿನಡಿ ಇರಲಿಲ್ಲ.
ಮಣ್ಣೊಳಗೆ ಬೆಳೆದ ಗಡ್ಡೆ, ಮಗಳೇ,
ಬಿಸಿಲಿನ ಅಡುಗೆ ಕಲಿಯಲಿಲ್ಲ.
ಕ್ಲೋರೋಪ್ಲಾಸ್ಟ್ ಬೇಕೆಂದರೆ ಕಿಟಕಿಯ ಜೆರೇನಿಯಂ ಕೇಳು;
ಎಲೆಯಡಿಯ ಪುಟ್ಟ ಬಾಯಿಗಳ ಎರಡು ತುಟಿಯಲ್ಲೂ
ಹಸಿರು ಕಾಳು.

ಆಮೇಲೆ ಬೆಂಕಿಕಡ್ಡಿಯ ಹಿಂಬದಿಯಿಂದ
ಚುಲೂನನ ಕೆನ್ನೆಯೊಳಗನ್ನು ಮೆಲ್ಲಗೆ ಕೆರೆದೆ.
ಅವನ ಹೆಸರಿಗೆ ಅರ್ಥ ಕಲ್ಲು.
ನೀಲಿ ಹನಿಯಲ್ಲಿ ತೇಲಿದ್ದು ಮಾತ್ರ
ಅಂಚು ಮಡಚಿದ, ಮೂಲೆಯೇ ಇಲ್ಲದ ತುಣುಕುಗಳು,
ನಡುವೆ ಒಂದೊಂದು ಬೊಟ್ಟು.
‘ಇಷ್ಟು ಮೆತ್ತಗಿದ್ದೀನಾ?’ ಅಂತ ಅವನು
ಮಧ್ಯಾಹ್ನದವರೆಗೂ ಕೆನ್ನೆ ಮುಟ್ಟಿಕೊಂಡ.

ಚಹಾಕ್ಕೆ ಹಾಕುವ ಉಪ್ಪನ್ನೇ ನೀರಿಗೆ ಕದಡಿ
ಈರುಳ್ಳಿಗೆ ಕುಡಿಸಿದೆ.
ನೇರಳೆ ಗೋಡೆ ಬಿಟ್ಟು ಒಳಗೊಳಗೇ ಮುದುಡಿತು.
ಗೋಡೆ ಕದಲಲಿಲ್ಲ,
ಬಾಡಿಗೆದಾರ ಬಿಟ್ಟುಹೋದ ಕೋಣೆಯ ಹಾಗೆ ನಿಂತಿತ್ತು.
ಉಪ್ಪು ತಿಂದವರು ನೀರು ಕುಡಿಯಲೇಬೇಕು:
ಬರೀ ನೀರು ಕೊಟ್ಟೆ, ತುಂಬಿಕೊಂಡಿತು.
ನಮ್ಮ ರಕ್ತದ ಕೋಶಕ್ಕೆ ಹೀಗೆ ಬರೀ ನೀರು ಕೊಟ್ಟರೆ?
ಕುಡಿದು, ಕುಡಿದು, ಒಡೆಯುತ್ತದೆ.
ಸಾಕು ಅನ್ನುವ ಗೋಡೆ ಅದಕ್ಕಿಲ್ಲ.

ಪರೀಕ್ಷೆಯಲ್ಲಿ ಕೇಳಿದ್ದು ಸುಲಭದ್ದು.
ಎರಡು ಅಂಕಣ ಎಳೆಯಿರಿ, ನಾಲ್ಕು ವ್ಯತ್ಯಾಸ ಬರೆಯಿರಿ.
ಯಾರ್ಗುಯ್ ಗೆರೆ ಎಳೆದಿರಲಿಲ್ಲ.

‘ಸಸ್ಯಕೋಶ ಪಟ್ಟಣದ ನನ್ನ ಚಿಕ್ಕಮ್ಮನ ಮನೆ.
ಗೋಡೆಯಿದೆ, ಹೊತ್ತುಕೊಂಡು ಹೋಗಲು ಬರುವುದಿಲ್ಲ.
ನೀರಿನ ತೊಟ್ಟಿಯೇ ಹೆಚ್ಚುಕಡಿಮೆ ಮನೆಯಷ್ಟಿದೆ.
ಬಿಸಿಲು ಬಿದ್ದರೆ ಅಡುಗೆ.
ಪ್ರಾಣಿಕೋಶ ನಮ್ಮ ಗೆರ್.
ಉಣ್ಣೆಯ ಹೊದಿಕೆ, ಒತ್ತಿದರೆ ಒಳಗೆ ಬಾಗುತ್ತದೆ.
ನೀರಿನ ಕ್ಯಾನುಗಳು ಚಿಕ್ಕವು, ಅಲ್ಲೊಂದು ಇಲ್ಲೊಂದು.
ಬಿಸಿಲಲ್ಲಿ ಬೇಯಿಸುವುದು ಗೊತ್ತಿಲ್ಲ,
ಅದಕ್ಕೇ ಹುಲ್ಲಿನ ಹಿಂದೆ ನಡೆಯುತ್ತೇವೆ.
ಒಲೆ ಮಾತ್ರ ಎರಡು ಮನೆಯಲ್ಲೂ ಇದೆ,
ಹೆಸರು ಮೈಟೋಕಾಂಡ್ರಿಯ,
ರಾತ್ರಿಯೂ ಆರಿಸುವುದಿಲ್ಲ.’

ಕೆಂಪು ಪೆನ್ನು ತನ್ನ ಕೆಲಸ ಮಾಡಿತು.
‘ಕೇಳಿದ್ದು ವ್ಯತ್ಯಾಸ. ಒಲೆ ಹೋಲಿಕೆ.’
ಅರ್ಧ ಅಂಕ ಕಡಿತ.
ಮೂವತ್ತು ವರ್ಷದ ರೂಢಿ, ಕೈ ತಡೆಯಲಿಲ್ಲ.

ರಾತ್ರಿ ಒಲೆಗೆ ಬೆರಣಿ ಹಾಕುತ್ತ
ಒಂದನ್ನು ಮುರಿದೆ.
ಒಳಗೆ ಒಣಹುಲ್ಲಿನ ಎಳೆಗಳು, ಇನ್ನೂ ನೆಟ್ಟಗೆ.
ಯಾಕಿನ ನಾಲ್ಕು ಕೋಣೆಯ ಹೊಟ್ಟೆ,
ಅದರೊಳಗಿನ ಲಕ್ಷಕೋಟಿ ಸೂಕ್ಷ್ಮಜೀವಿ
ಅರೆದೂ ಅರೆದೂ ಉಳಿಸಿದ ಗೋಡೆ.
ಬೇಸಿಗೆಯ ಹುಲ್ಲು ಕಟ್ಟಿದ್ದು,
ಎಡ ಅಂಕಣದ್ದು,
ಈಗ ಗೆರೆ ದಾಟಿ ಬಂದು ಉರಿಯುತ್ತ
ಗೋಡೆಯಿಲ್ಲದ ನನ್ನ ಬೆರಳುಗಳನ್ನು ಕಾಯಿಸುತ್ತಿದೆ.

ಉತ್ತರಪತ್ರಿಕೆ ಮತ್ತೆ ತೆಗೆದೆ.
ಪೆನ್ನಿನ ಶಾಯಿ ಹೆಪ್ಪುಗಟ್ಟಿತ್ತು.
ಕಂಕುಳಲ್ಲಿಟ್ಟುಕೊಂಡು
ಕಾದೆ.